ಲಸಿಕೆ: ಸಾಮವೋ, ದಾನವೋ, ದಂಡವೋ?



ಸಾಮ, ದಾನ, ಭೇದ, ದಂಡಗಳೆಂಬ ನಾಲ್ಕು ಉಪಾಯಗಳನ್ನು ನಮ್ಮ ಹಿರಿಯರು ಹೇಳಿದ್ದಾರೆ. ಜನರಿಗೆ ಲಸಿಕೆ ಹಾಕಿಸುವಲ್ಲಿ ಸರಕಾರವು ಯಾವುದನ್ನು ಅವಲಂಬಿಸಬೇಕು? ಭೇದವನ್ನು ಬದಿಗಿಟ್ಟು ಉಳಿದ ಮೂರನ್ನು ತೂಗಿ ನೋಡೋಣ.

ಇಂಗ್ಲೆಂಡಿನಲ್ಲಿ 1853ರಲ್ಲಿ ಶಿಶುಗಳಿಗೆ ಸಿಡುಬಿನ ಲಸಿಕೆಯನ್ನು ಕಡ್ಡಾಯಗೊಳಿಸಿ, ತಪ್ಪಿದ ತಂದೆತಾಯಿಯರಿಗೆ ಜುಲ್ಮಾನೆ ವಿಧಿಸಿದರು. ಲಸಿಕೆಯೇನೋ ಹರಡಿತು, ಅದರೊಡನೆ ವಿರೋಧವೂ ಹರಡಿತು. 1885ರಲ್ಲಿ ಲೆಸ್ಟರ್ ನಗರದಲ್ಲಿ ಸಹಸ್ರಾರು ಜನ ಬೀದಿಗಿಳಿದರು. 1898ರಲ್ಲಿ ಮನಸ್ಸಾಕ್ಷಿಗೆ ಒಪ್ಪದವರಿಗೆ ವಿನಾಯಿತಿ ನೀಡಲೇಬೇಕಾಯಿತು.

ದಾನದ ನಿದರ್ಶನ ನಮ್ಮ ದೇಶದ್ದೇ. ರಾಜಸ್ಥಾನದ ಉದಯಪುರದ ಹಳ್ಳಿಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಹೊಸ ಏರ್ಪಾಡಿಲ್ಲದ ಹಳ್ಳಿಗಳಲ್ಲಿ ಪೂರ್ಣ ಲಸಿಕೆ ಪಡೆದ ಮಕ್ಕಳು ಶೇ. 6, ಶಿಬಿರಗಳು ತಪ್ಪದೆ ನಡೆದ ಕಡೆ ಶೇ. 18; ಶಿಬಿರದೊಡನೆ ಪ್ರತಿ ಬಾರಿಯೂ ಒಂದು ಕಿಲೋ ಬೇಳೆ, ಕೊನೆಯಲ್ಲಿ ಊಟದ ತಟ್ಟೆಗಳನ್ನು ಕೊಟ್ಟಲ್ಲಿ ಶೇ. 39. ಬೇಳೆಗಾಗಿ ತಾಯಂದಿರು ನಂಬಿಕೆಯನ್ನು ಮಾರಿಕೊಂಡರೆಂದು ತಿಳಿಯಬಾರದು. ಕೂಲಿ ಬಿಟ್ಟು ಬರುವವಳಿಗೆ "ನಾಳೆ ಹೋದರಾಯಿತು" ಎನ್ನಿಸುವುದು ಸಹಜ. ಬೇಳೆಯು ಆ ನಾಳೆಯನ್ನು ಇಂದಾಗಿಸಿತು. ಕಡ್ಡಾಯ ಶಿಕ್ಷಣದ ಕಾಯಿದೆಗೆ ಬಗ್ಗದ ಮನೆಗಳಿಂದಲೂ ಬಿಸಿಯೂಟವು ಮಕ್ಕಳನ್ನು ಶಾಲೆಗೆ ಕರೆತರಲಿಲ್ಲವೇ?

ಇನ್ನು ಸಾಮ. 1995ರಲ್ಲಿ ಆರಂಭವಾದ ಪಲ್ಸ್ ಪೋಲಿಯೊ ಕಾರ್ಯಕ್ರಮವು ಮನೆಮನೆಯ ಬಾಗಿಲಿಗೆ ಹೋಯಿತು. ವದಂತಿ ಹಬ್ಬಿದೆಡೆ ಧಾರ್ಮಿಕ ಮುಖಂಡರ ನೆರವು ಪಡೆಯಿತು. ಭಾರತದ ಕೊನೆಯ ಪ್ರಕರಣ 2011ರ ಜನವರಿಯದು. 2014ರಲ್ಲಿ ದೇಶವು ಪೋಲಿಯೊಮುಕ್ತವೆಂಬ ಮಾನ್ಯತೆ ದೊರೆಯಿತು.

ಹಾಗಾದರೆ ದಂಡಕ್ಕೆ ಎಡೆಯೇ ಇಲ್ಲವೇ? ಯಾರಿಗೂ ಬಲವಂತದಿಂದ ಲಸಿಕೆ ಹಾಕಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಮೇ ತಿಂಗಳಲ್ಲಿ ಹೇಳಿತು. ಆದರೆ ಸಮುದಾಯದ ಹಿತಕ್ಕಾಗಿ ಮಿತವಾದ ನಿರ್ಬಂಧಗಳನ್ನು ಒಪ್ಪಿತು. ರೋಗಿಗಳ ಆರೈಕೆ ಮಾಡುವವರಿಗೆ ಲಸಿಕೆ ಕಡ್ಡಾಯವಾಗಲಿ, ನನ್ನ ಆಕ್ಷೇಪವಿಲ್ಲ. ಲಸಿಕೆಯ ಚೀಟಿ ಇಲ್ಲವೆಂದು ಶಾಲೆಯ ಬಾಗಿಲು ಮುಚ್ಚುವುದನ್ನು ಮಾತ್ರ ನಾನು ಒಪ್ಪಲಾರೆ. ಹೆತ್ತವರ ತಪ್ಪಿಗೆ ಮಗುವಿಗೆ ಎರಡು ಶಿಕ್ಷೆ: ಲಸಿಕೆಯೂ ಇಲ್ಲ, ಅಕ್ಷರವೂ ಇಲ್ಲ. ಉಳಿದ ಮಕ್ಕಳ ಗತಿಯೇನೆಂದು ಕೇಳುವಿರಿ. ದಡಾರ ಕಾಣಿಸಿಕೊಂಡ ದಿನಗಳಲ್ಲಿ ಆ ಮಗು ಮನೆಯಲ್ಲಿರಲಿ. ಮಿಕ್ಕ ದಿನ ಶಾಲೆಗೇ ದಾದಿಯನ್ನು ಕರೆಸಿ, ತಂದೆತಾಯಿಯರನ್ನು ಕೂರಿಸಿಕೊಂಡು ತಿಳಿಹೇಳಿರಿ. ಶಾಲೆಯ ಹೊರಗುಳಿದ ಮಗುವನ್ನು ದಾದಿಯಾದರೂ ಎಲ್ಲಿ ಹುಡುಕಿಯಾಳು?

ನಿಮ್ಮಲ್ಲಿ ವೈದ್ಯರಾದವರೂ ಇದ್ದೀರಿ. ಒಪ್ಪದಿದ್ದರೆ ಸಂಕೋಚವಿಲ್ಲದೆ ಬರೆಯಿರಿ.