ಅವಳ ಕೈಯ ದಾರ ಕಿತ್ತುಕೊಳ್ಳಬೇಡಿ

ಇಂಡಿಯಲ್ಲಿರುವ ನನ್ನ ತಂಗಿಯ ಮಗನಿಗೆ ಈಗ ಏಳು ವರ್ಷ. ಮೂರು ವರ್ಷಗಳ ಹಿಂದಿನ ಚಳಿಗಾಲದಲ್ಲಿ ಅವನಿಗೆಂದು ಉಲನ್ ಸ್ವೆಟರ್ ಮತ್ತು ಟೋಪಿ ಹೆಣೆದು ಒಯ್ದಿದ್ದೆ. ಒಂದು ತಿಂಗಳ ಕೆಲಸ. ತಲೆಗೆ ಟೋಪಿ ಇಟ್ಟದ್ದೇ ತಡ, ಕೆಂಡ ತಗುಲಿದಂತೆ ಚೀರಿದ, ಕಿತ್ತೆಸೆದ, ಅರ್ಧ ಗಂಟೆ ಮೂಲೆಯಲ್ಲಿ ಕುಳಿತು ಅತ್ತ. ನನಗೆ ಸಿಟ್ಟು ಬಂತು. "ನೀನು ಹೊತ್ತು ಸಿಕ್ಕಾಗಲೆಲ್ಲ ಕ್ರೋಶಾ ಹಿಡಿದು ಕೂತರೆ ಮಗು ಇನ್ನು ಹೇಗಾದೀತು?" ಎಂದು ತಂಗಿಗೆ ಅಂದುಬಿಟ್ಟೆ. ಅವಳು ಏನೂ ಹೇಳಲಿಲ್ಲ. ಆ ಮಾತನ್ನು ಹಿಂದಕ್ಕೆ ಪಡೆಯಲೆಂದೇ ಇದನ್ನು ಬರೆಯುತ್ತಿದ್ದೇನೆ.

ಹುಡುಗನಿಗೆ ಆಟಿಸಂ ಇದೆ ಎಂದು ತಿಳಿದದ್ದು ಕೆಲವು ತಿಂಗಳ ನಂತರ. ಆಟಿಸಂ ಅಂಟುರೋಗವಲ್ಲ, ಹುಚ್ಚೂ ಅಲ್ಲ. ಮೆದುಳು ಬೆಳೆಯುವ ರೀತಿಯಲ್ಲೇ ಇರುವ ಭಿನ್ನತೆ. ಹೆಸರು ಹಿಡಿದು ಕರೆದರೆ ತಿರುಗದಿರುವುದು, ಬೇಕಾದುದನ್ನು ಬೆರಳಿನಿಂದ ತೋರಿಸದಿರುವುದು, ಮಾತು ತಡವಾಗುವುದು ಅಥವಾ ಬಂದ ಮಾತು ನಿಂತುಹೋಗುವುದು, ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದು ಇದರ ಲಕ್ಷಣಗಳು. ಇಂತಹ ಅನೇಕ ಮಕ್ಕಳಿಗೆ ಸದ್ದು, ಬೆಳಕು, ಸ್ಪರ್ಶ ನಮಗಿಂತ ಬಹಳ ತೀವ್ರವಾಗಿ ತಟ್ಟುತ್ತವೆ. ನಮಗೆ ಬೆಚ್ಚಗೆನಿಸುವ ಉಲನ್ ಅವನ ಹಣೆಗೆ ಮುಳ್ಳು. ಅದು ಹಟವಾಗಿರಲಿಲ್ಲ, ನೋವಾಗಿತ್ತು. ನಾನು ಹೆಣೆದದ್ದು ನನ್ನ ಪ್ರೀತಿಯ ಅಳತೆಗೆ, ಅವನ ಚರ್ಮದ ಅಳತೆಗಲ್ಲ.

ತಾಯಿಯನ್ನು ದೂರಿದವಳು ನಾನೊಬ್ಬಳೇ ಅಲ್ಲ. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಆಟಿಸಂ ಅನ್ನು ಮೊದಲ ಬಾರಿಗೆ ವಿವರವಾಗಿ ದಾಖಲಿಸಿದ ಮೇಲೆ ಎಷ್ಟೋ ವರ್ಷ ದೊಡ್ಡ ದೊಡ್ಡ ವಿದ್ವಾಂಸರೇ, ತಾಯಿಯ ಪ್ರೀತಿ ತಣ್ಣಗಿದ್ದರೆ ಮಗು ಹೀಗಾಗುತ್ತದೆ ಎಂದು ಹೇಳುತ್ತಿದ್ದರು. ಅಂತಹವರನ್ನು ಫ್ರಿಜ್ ತಾಯಂದಿರು ಎಂದೇ ಕರೆದರು! 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಃಶಾಸ್ತ್ರಜ್ಞ, ಸ್ವತಃ ಆಟಿಸಂ ಇರುವ ಮಗನ ತಂದೆ, ಪುಸ್ತಕ ಬರೆದು ಈ ವಾದವನ್ನು ಅಲುಗಾಡಿಸಿದರು. ಇಂದು ಯಾವ ವೈದ್ಯರೂ ಅದನ್ನು ಒಪ್ಪುವುದಿಲ್ಲ. ಆದರೆ ನಮ್ಮ ಓಣಿಗಳಲ್ಲಿ ಅದು ಇನ್ನೂ ಜೀವಂತವಾಗಿದೆ. ನಜರ್ ತಗುಲಿದೆ ಅನ್ನುವವರು, ಬಸುರಿಯಲ್ಲಿ ಏನೋ ತಿಂದಳು ಅನ್ನುವವರು, ಮನೆಯಲ್ಲಿ ಉರ್ದು, ಹೊರಗೆ ಕನ್ನಡ ಆಡಿ ಮಗುವಿನ ನಾಲಿಗೆ ಕಟ್ಟಿತು ಅನ್ನುವವರು. (ಎರಡು ಭಾಷೆಯಿಂದ ಆಟಿಸಂ ಬರುವುದಿಲ್ಲ. ತಾಯಿ ತನ್ನ ಭಾಷೆಯಲ್ಲೇ ಮಾತಾಡಲಿ.)

ಇನ್ನು ದಾರದ ವಿಷಯ. ತಂಗಿ ಬಿಳಿ ಹತ್ತಿ ದಾರದಲ್ಲಿ ನಮಾಜಿನ ಜಾಲಿ ಟೋಪಿ ಹೆಣೆಯುತ್ತಾಳೆ. ರಂಝಾನಿಗೆ ಮೊದಲು ಬೇಡಿಕೆ ಹೆಚ್ಚು, ನಾಲ್ಕು ಕಾಸು ಕೈಗೆ ಬರುತ್ತದೆ. ಮಗನಿಗೂ ಒಂದು ಮಾಡಿದಳು. ಹೆಣೆಯುವ ಮೊದಲೇ ದಾರವನ್ನು ಮೂರು ಸಲ ಒಗೆದಳು. ಒಳಬದಿಯಲ್ಲಿ ಒಂದು ಗಂಟೂ ಇರದಂತೆ ನೋಡಿಕೊಂಡಳು. ತಲೆಗೆ ತೊಡಿಸಲಿಲ್ಲ, ಅವನ ದಿಂಬಿನ ಪಕ್ಕ ಇಟ್ಟಳು. ಮೊದಲು ಮುಟ್ಟಿದ, ಆಮೇಲೆ ಕೆನ್ನೆಗೆ ಒತ್ತಿಕೊಂಡ. ತಾನಾಗಿ ತಲೆಯ ಮೇಲೆ ಇಟ್ಟುಕೊಳ್ಳಲು ಎರಡು ತಿಂಗಳು ಹಿಡಿಯಿತು. ಅಂಗಡಿಯ ಟೋಪಿಯಲ್ಲಿ ಇದು ಆಗುತ್ತಿರಲಿಲ್ಲ.

ರಾತ್ರಿ ಅವನಿಗೆ ನಮ್ಮ ಅಮ್ಮೀ ಹೊಲಿದ ಕೌದಿಯೇ ಬೇಕು. ಹಳೆಯ ಸೀರೆ, ಲುಂಗಿ, ದುಪಟ್ಟಾ ಪದರ ಪದರವಾಗಿ ಹಾಸಿ ಹೊಲಿದದ್ದು. ಒಗೆದು ಒಗೆದು ಮೆತ್ತಗಾಗಿದೆ, ತೂಕವೂ ಇದೆ. ನಗರಗಳಲ್ಲಿ ಆಟಿಸಂ ಮಕ್ಕಳಿಗೆಂದು ಭಾರದ ಹೊದಿಕೆಗಳನ್ನು ದುಬಾರಿ ಬೆಲೆಗೆ ಮಾರುತ್ತಾರೆ. 2014ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ 5ರಿಂದ 16 ವರ್ಷದ 67 ಮಕ್ಕಳಿಗೆ ಅಂತಹ ಹೊದಿಕೆ ಕೊಟ್ಟು ನೋಡಿದ್ದರು. ನಿದ್ದೆಯ ಸಮಯ ಹೆಚ್ಚಲಿಲ್ಲ. ಆದರೆ ಮಕ್ಕಳಿಗೂ ಹೆತ್ತವರಿಗೂ ಸಾಮಾನ್ಯ ಹೊದಿಕೆಗಿಂತ ಅದೇ ಹಿಡಿಸಿತು. ಹಾಗಾದರೆ ಸಾಲ ಮಾಡಿ ಕೊಳ್ಳುವುದೇಕೆ? ಪೆಟ್ಟಿಗೆಯಲ್ಲಿರುವ ಕೌದಿ ತೆಗೆಯಿರಿ. ಒಂದು ಎಚ್ಚರ: ಮಗು ತಾನೇ ಸರಿಸಿ ಹೊರಬರುವಷ್ಟೇ ಭಾರವಿರಲಿ, ಮುಖ ಮುಚ್ಚದಿರಲಿ. ಹಸುಗೂಸುಗಳಿಗಂತೂ ಭಾರದ ಹೊದಿಕೆ ಬೇಡವೇ ಬೇಡ.

ಈಗ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. "ಅವನಿಗೂ ಹೆಣೆಯಲು ಕಲಿಸು, ಗುಣವಾಗುತ್ತಾನೆ" ಎನ್ನುತ್ತಾರೆ. ಹೆಣಿಕೆ ಆಟಿಸಂಗೆ ಮದ್ದಲ್ಲ. ಹುಡುಗ ಹೆಣೆಯುವುದೂ ಇಲ್ಲ. ಉಂಡೆಗಳನ್ನು ಬಣ್ಣದ ಪ್ರಕಾರ ಸಾಲಾಗಿ ಇಡುತ್ತಾನೆ, ಬಿಚ್ಚಿದ ದಾರವನ್ನು ಮತ್ತೆ ಉಂಡೆ ಸುತ್ತುತ್ತಾನೆ. ಆ ಹೊತ್ತು ತಾಯಿ ಮಗ ಒಂದೇ ಚಾಪೆಯ ಮೇಲೆ ಮಾತಿಲ್ಲದೆ ಕೂತಿರುತ್ತಾರೆ. ಅಷ್ಟೇ. ಅದಕ್ಕೆ ಚಿಕಿತ್ಸೆ ಎಂಬ ಹೆಸರು ಯಾಕೆ ಬೇಕು? ಸೂಜಿ, ಕತ್ತರಿ ಎಣಿಸಿ ಎತ್ತಿಡಬೇಕು. ಮಣಿ, ಗುಂಡಿ ಬಾಯಿಗೆ ಹೋದೀತು. ದಾರ ಬೆರಳಿಗೆ ಬಿಗಿದರೆ ರಕ್ತ ಓಡಾಟ ನಿಲ್ಲುತ್ತದೆ, ನೋವನ್ನು ಹೇಳಲಾರದ ಮಗುವಿನ ಬೆರಳುಗಳನ್ನು ನಾವೇ ನೋಡುತ್ತಿರಬೇಕು.

ಚಿಕಿತ್ಸೆ ಬೇರೆಯೇ ಇದೆ, ಅದನ್ನು ತಡಮಾಡಬಾರದು. ಅಂಗನವಾಡಿ ಮತ್ತು ಸರಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಿ, ಆಶಾ ಕಾರ್ಯಕರ್ತೆಯನ್ನು ಕೇಳಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ನಮಗೆ ದೂರವೇ. ಆದರೂ ಒಮ್ಮೆ ಹೋಗಿ ಬಂದರೆ ಮನೆಯಲ್ಲಿ ಏನು ಮಾಡಬೇಕೆಂದು ತಿಳಿಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಸೇರಿದೆ, ಗುರುತಿನ ಚೀಟಿ ಮಾಡಿಸಿಕೊಳ್ಳಿ. ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಇದೆ.

ತಂಗಿಯನ್ನು ಒಮ್ಮೆ ಕೇಳಿದೆ, ಇಷ್ಟು ದಣಿವಿನಲ್ಲೂ ಇದೇಕೆ ಎಂದು. "ಈ ಸಾಲು ಮುಗಿತೈತಿ ಅಂತ ನನಗ ಗೊತ್ತಿರತೈತಿ ಅಕ್ಕಾ. ದಿನದಾಗ ಬ್ಯಾರೆ ಯಾವ ಕೆಲಸಾನೂ ಮುಗಿಯಂಗಿಲ್ಲ" ಎಂದಳು. ಊಟ ಮಾಡಿಸುವುದು, ಸ್ನಾನ, ರಾತ್ರಿ ಎರಡಕ್ಕೆ ಎದ್ದು ಓಡುವವನನ್ನು ಹಿಡಿಯುವುದು, ಇವಕ್ಕೆ ಕೊನೆಯ ಸಾಲು ಎಂಬುದಿಲ್ಲ. ದಿನಕ್ಕೊಂದು ಗಂಟೆ ಅವಳ ಕೈಗೆ ದಾರ ಬೇಕು. ಅದು ಅವಳ ಆರೋಗ್ಯದ ಪ್ರಶ್ನೆ, ಹೊತ್ತು ಕಳೆಯುವ ಶೋಕಿಯಲ್ಲ. ಆ ಗಂಟೆಯನ್ನು ಕೊಡಬೇಕಾದವರು ಗಂಡ, ಅತ್ತೆ, ನಾದಿನಿ ಮತ್ತು ನನ್ನಂತಹ ಅಕ್ಕಂದಿರು. ಉಪದೇಶ ಬೇಡ, ಮಗುವಿನ ಜೊತೆ ಕೂರಿ.

ಗಂಡಸರು ಮಗುವನ್ನು ಮಸೀದಿಗೂ ಕರೆದೊಯ್ಯಬಹುದು. ಸದ್ದು ಮಾಡುತ್ತಾನೆಂದು ಹಿಂದಕ್ಕೆ ಕಳಿಸಿದವರನ್ನು ನಾವು ಕಂಡಿದ್ದೇವೆ. ಪ್ರವಾದಿ(ಸ)ಯವರು ಮೊಮ್ಮಗಳು ಉಮಾಮಾಳನ್ನು ಹೆಗಲ ಮೇಲಿಟ್ಟುಕೊಂಡೇ ನಮಾಜ್ ಮಾಡಿದ್ದರು ಎಂಬುದನ್ನು ಅವರಿಗೆ ನೆನಪಿಸಿದರೆ ಸಾಕು. ಜುಮಾದ ಗದ್ದಲ ಬೇಡವೆಂದು ಈಗ ಹುಡುಗನ ತಂದೆ ಅಸರ್‌ಗೆ ಮಾತ್ರ, ಹಿಂದಿನ ಸಾಲಿಗೆ, ಕರೆದೊಯ್ಯುತ್ತಾನೆ. ಟೋಪಿ ಅದೇ, ಹತ್ತಿಯದು.

ಈ ಶುಕ್ರವಾರ ನಾನು ಇಂಡಿಗೆ ಹೊರಟಿದ್ದೇನೆ. ಹುಡುಗ ಸಂಜೆಯವರೆಗೆ ನನ್ನ ಜೊತೆ. ತಂಗಿಗೆ ಇನ್ನೂ ಹನ್ನೊಂದು ಟೋಪಿ ಬಾಕಿ ಇವೆಯಂತೆ.