ಹೇಳೋಕೆ ನಾಚಿಕೆ, ಕೂರೋಕೆ ನೋವು

ಈ ತಿಂಗಳ ವಿಷಯ ನೋಡಿ ನಗಬೇಡಿ. ನಕ್ಕರೂ ಪರವಾಗಿಲ್ಲ, ಪೂರ್ತಿ ಓದಿ.

ಚಳಿಗಾಲದ ಪರೀಕ್ಷೆಗಳ ಸಮಯದಲ್ಲಿ ಒಂದು ದಿನ ನನಗೆ ಕೂರುವ ಜಾಗದಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಕಡಲೆಕಾಳಿನಷ್ಟು ದಪ್ಪ, ಗಟ್ಟಿ, ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವು. ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಕ್ಲಾಸಿನಲ್ಲಿ ಒಂದು ಪಕ್ಕಕ್ಕೆ ವಾಲಿಕೊಂಡು ಕೂರುತ್ತಿದ್ದೆ. ರಾತ್ರಿ ಕ್ಯಾನ್ಸರ್ ಇರಬಹುದಾ ಅಂತ ಯೋಚಿಸಿ ಅಳು ಬಂತು. ಐದನೇ ದಿನ ಅಮ್ಮ ಊರಿಗೆ ವಿಡಿಯೋ ಕಾಲ್ ಮಾಡಿದಾಗ ಅಜ್ಜಿ ನಾನು ಕೂತ ರೀತಿ ನೋಡಿಯೇ ಹೇಳಿದರು: "ಅಯ್ಯೋ ಮಗಾ, ಅದು ಮೂಲವ್ಯಾಧಿ ಕಣೋ. ನಿಮ್ಮ ತಾತಂಗೂ ಇತ್ತು." ನನಗೆ ಗೊತ್ತಿದ್ದ 'ಮೂಲ' ಅಂದರೆ ವರ್ಗಮೂಲ ಒಂದೇ!

ಮರುದಿನ ಡಾಕ್ಟರ್ ನೋಡಿ ಅಜ್ಜಿ ಹೇಳಿದ್ದೇ ಸರಿ ಅಂದರು. ಗುದದ್ವಾರದ ಸುತ್ತ ಚರ್ಮದ ಕೆಳಗೆ ಸಣ್ಣ ರಕ್ತನಾಳಗಳಿವೆ. ಮುಕ್ಕರಿದಾಗ ಅವು ಊದುತ್ತವೆ. ಇದು ಹೊರಗಿನ ಪೈಲ್ಸ್. ಒಳಗಿನದರಲ್ಲಿ ಸಾಮಾನ್ಯವಾಗಿ ನೋವಿಲ್ಲದೆ ರಕ್ತ ಬರುತ್ತದೆ. ಹೊರಗಿನ ಚರ್ಮಕ್ಕೆ ನೋವು ಚೆನ್ನಾಗಿ ಗೊತ್ತಾಗುತ್ತದೆ, ಅದರಲ್ಲೂ ಒಳಗೆ ರಕ್ತ ಹೆಪ್ಪುಗಟ್ಟಿದರೆ. ನನಗೆ ಆಗಿದ್ದು ಅದೇ. ಶುರುವಾದ ಸುಮಾರು 3 ದಿನದೊಳಗೆ ಹೋದರೆ ಮರಗಟ್ಟಿಸಿ ಆ ಹೆಪ್ಪನ್ನು ತೆಗೆಯಬಹುದಂತೆ, ನೋವು ಬೇಗ ಇಳಿಯುತ್ತದಂತೆ. ನಾನು ಹೋದದ್ದು ಆರನೇ ದಿನ. ಇನ್ನು ತಾನಾಗೇ ಕರಗಲಿ ಅಂದರು. ನಾಚಿಕೆಗೆ ನಾನು ಕೊಟ್ಟ ಬೆಲೆ ಇದು.

ಕರಗಲು ಎರಡು ವಾರಕ್ಕಿಂತ ಹೆಚ್ಚೇ ಬೇಕಾಯಿತು. ದಿನಕ್ಕೆ ಎರಡು ಮೂರು ಸಲ 10–15 ನಿಮಿಷ ಬೆಚ್ಚಗಿನ ನೀರಿನಲ್ಲಿ ಕೂರುವುದು (ಸೋಪು ಹಾಕಬಾರದು), ಮಲ ಮೆತ್ತಗಾಗಲು ಔಷಧಿ, ತುಂಬಾ ನೀರು. ಅಂಗಡಿಯಲ್ಲಿ ಸಿಗುವ ಹೈಡ್ರೋಕಾರ್ಟಿಸೋನ್ ಕ್ರೀಮನ್ನು ಡಾಕ್ಟರ್ ಹೇಳದೆ ಒಂದು ವಾರಕ್ಕಿಂತ ಹೆಚ್ಚು ಹಚ್ಚಬೇಡಿ, ಚರ್ಮ ತೆಳುವಾಗುತ್ತದೆ.

ಕಾರಣ ಏನು ಅಂದರೆ, ಸ್ಕೂಲಿನ ಟಾಯ್ಲೆಟ್! ಇಲ್ಲಿ ಬಾಗಿಲ ಪಕ್ಕ ಎಷ್ಟು ಸಂದಿ ಇರುತ್ತೆ ಅಂತ ಮಕ್ಕಳಿಗೆಲ್ಲ ಗೊತ್ತು. ಬೆಳಿಗ್ಗೆಯಿಂದ ಮೂರು ಗಂಟೆವರೆಗೆ ತಡೆದುಕೊಳ್ಳುತ್ತಿದ್ದೆ. ತಡೆದಷ್ಟೂ ಮಲ ಗಟ್ಟಿಯಾಗುತ್ತದೆ, ಆಮೇಲೆ ಮುಕ್ಕರಬೇಕಾಗುತ್ತದೆ. ಮನೆಗೆ ಬಂದು ಫೋನ್ ಹಿಡಿದು ಅರ್ಧ ಗಂಟೆ ಕಮೋಡಿನ ಮೇಲೆ. ಊಟಕ್ಕೆ ಪಿಜ್ಜಾ, ಇಲ್ಲದಿದ್ದರೆ ಬಿಳಿ ಅನ್ನ ಮೊಸರು. ಒಂದು ಕಪ್ ಅನ್ನದಲ್ಲಿ ನಾರು 1 ಗ್ರಾಂ ಕೂಡ ಇಲ್ಲ. ನಮಗೆ ದಿನಕ್ಕೆ 25–30 ಗ್ರಾಂ ಆದರೂ ಬೇಕು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ಇದೆ. ಅಂದರೆ ನಾನು ಮುಖ ಸಿಂಡರಿಸುತ್ತಿದ್ದ ಮುದ್ದೆ! ಈಗ ವಾರಕ್ಕೆ ಮೂರು ದಿನ ತಿನ್ನುತ್ತೇನೆ, ನುಂಗೋದು ಮಾತ್ರ ಇನ್ನೂ ಬಂದಿಲ್ಲ, ಅಗಿಯುತ್ತೇನೆ.

ಅಪ್ಪ ಅಮ್ಮಂದಿರೇ, ರಕ್ತ ಕಂಡರೆ "ಉಷ್ಣ ಆಗಿದೆ" ಅಂತ ಸುಮ್ಮನಿರಬೇಡಿ. ರಕ್ತ ಬರಲು ಬೇರೆ ಕಾರಣಗಳೂ ಇರುತ್ತವೆ, ಡಾಕ್ಟರ್ ಒಮ್ಮೆ ನೋಡಲೇಬೇಕು. ಜ್ವರ ಬಂದರೆ, ಮಲ ಕಪ್ಪಗಾದರೆ, ರಕ್ತ ಜಾಸ್ತಿ ಹೋದರೆ ಅದೇ ದಿನ ಹೋಗಿ.

ಈ ಲೇಖನಕ್ಕೆ ಹೆಸರು ಹಾಕಲಾ ಬೇಡವಾ ಅಂತ ಅಮ್ಮನನ್ನು ಕೇಳಿದೆ. ಅಮ್ಮ ಉತ್ತರ ಕೊಡುವ ಮೊದಲೇ ಅಪ್ಪ ಪೇಪರಿನ ಹಿಂದಿನಿಂದ ಮೆಲ್ಲಗೆ ಕೇಳಿದರು: "ಆ ಬಿಸಿನೀರಿನ ಟಬ್ ಎಲ್ಲಿಟ್ಟಿದ್ದೀಯೋ?"