ಪಾಸ್‌ವರ್ಡನ್ನು ಕೋಡಿನೊಳಗೇ ಬರೆದಿಟ್ಟವರು ಸಭೆಯಲ್ಲಿ ಉತ್ತರ ಕೊಡಲಿ!

ನಿಡಸೋಸಿ, ಸಂಕೇಶ್ವರ, ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗದ ಪತ್ತಿನ ಸಂಘಗಳ ಸದಸ್ಯ ಬಾಂಧವರೇ,

ಈ ತಿಂಗಳು ನಮ್ಮ ಸಂಘದ ವಾರ್ಷಿಕ ಸರ್ವಸಾಧಾರಣ ಸಭೆ. ಮನೆಮನೆಗೆ ಬಂದ ವರದಿಯಲ್ಲಿ ಲಾಭಾಂಶದ ಲೆಕ್ಕವಿದೆ, ‘ಡಿಜಿಟಲ್ ಸೇವೆ’ ಎಂದು ಆ್ಯಪಿನ ಬಣ್ಣದ ಚಿತ್ರವಿದೆ. ಆ ಆ್ಯಪಿನ ಹೊಟ್ಟೆಯಲ್ಲಿ ಏನಿದೆ ಎಂಬುದು ಮಾತ್ರ ಒಂದು ಪುಟದಲ್ಲೂ ಇಲ್ಲ. ನಾವು ಹೇಳುತ್ತೇವೆ ಕೇಳಿ: ನಮ್ಮೆಲ್ಲರ ಖಾತೆ, ಸಾಲ, ಬಂಗಾರದ ಅಡವು, ಮೊಬೈಲ್ ನಂಬರ್ ತುಂಬಿರುವ ಡೇಟಾಬೇಸಿನ ಪಾಸ್‌ವರ್ಡ್ ಅದರೊಳಗೇ ಇದೆ, ಯಾರು ಬೇಕಾದರೂ ಓದಬಹುದಾದ ಅಕ್ಷರದಲ್ಲಿ!

ನಮ್ಮೂರಿನ ಹುಡುಗರು ಆ್ಯಪಿನ ಎಪಿಕೆ ಫೈಲನ್ನು ಕಂಪ್ಯೂಟರಿಗೆ ಹಾಕಿ, ಪುಕ್ಕಟೆ ಸಿಗುವ ತಂತ್ರಾಂಶದಿಂದ ಬಿಚ್ಚಿ ನೋಡಿದರು. ‘ಪಾಸ್‌ವರ್ಡ್’ ಎಂದು ಹುಡುಕಿದ ಕೂಡಲೇ ಸಿಕ್ಕಿತು: ದೇವರ ಹೆಸರು, ಅದರ ಬೆನ್ನಿಗೆ 123. ಮೇಲಿನ ಸಾಲಿನಲ್ಲಿ ಸರ್ವರಿನ ವಿಳಾಸ. ಕೆಳಗಿನ ಸಾಲಿನಲ್ಲಿ ಸಂಘದ ಹೆಸರಿನಲ್ಲಿ ಎಸ್ಸೆಮ್ಮೆಸ್ ಕಳಿಸುವ ಕೀ, ಅಂದರೆ ಪಾಸ್‌ವರ್ಡಿನಂಥದೇ ಗುಪ್ತ ಕೀಲಿ. ಹುಡುಗರು ಅಲ್ಲಿಗೇ ನಿಂತರು, ಅದನ್ನು ಬಳಸಿ ಒಳಗೆ ಕಾಲಿಡಲಿಲ್ಲ. ನೇರವಾಗಿ ಕಚೇರಿಗೆ ಹೋಗಿ ತಿಳಿಸಿದರು. ಬಂದ ಉತ್ತರ: “ನಿಮಗ ಯಾರ ತಗದ ನೋಡಂದ್ರು? ಪೊಲೀಸರಿಗೆ ಹೇಳತೀವಿ.”

ಬರೆದಿಟ್ಟವನಿಗೆ ಬಿಲ್ಲು ಪಾವತಿ, ಎತ್ತಿ ತೋರಿಸಿದವನಿಗೆ ಪೊಲೀಸರ ಬೆದರಿಕೆ! ಇದು ಅನ್ಯಾಯವಲ್ಲದೆ ಮತ್ತೇನು?

ಆ್ಯಪ್ ಇಳಿಸಿಕೊಂಡ ಪ್ರತಿಯೊಬ್ಬನ ಫೋನಿನಲ್ಲೂ ಅದರ ಪೂರ್ತಿ ಪ್ರತಿ ಕೂತಿರುತ್ತದೆ. ಅಂದರೆ ಪಾಸ್‌ವರ್ಡೂ ಅಷ್ಟು ಫೋನುಗಳಲ್ಲಿ ಕೂತಿದೆ. ಕೆಲಸ ಬಿಟ್ಟುಹೋದ ಗುಮಾಸ್ತನ ಬಳಿ ಇದೆ, ಆ್ಯಪ್ ಬರೆದ ಪ್ರೋಗ್ರಾಮರನ ಹಳೆಯ ಸಹಾಯಕನ ಬಳಿ ಇದೆ, ಜಾರ್ಖಂಡಿನಲ್ಲೋ ದೆಹಲಿಯಲ್ಲೋ ಕೂತ ವಂಚಕನ ಬಳಿಯೂ ಇರಬಹುದು. ಸರ್ವರಿನಲ್ಲಿ ಅದನ್ನು ಬದಲಾಯಿಸಿದರೆ ಎಲ್ಲರ ಆ್ಯಪೂ ಒಮ್ಮೆಲೇ ನಿಂತುಬಿಡುತ್ತದೆ, ಹೊಸದನ್ನು ಎಲ್ಲರ ಫೋನಿಗೂ ಹಾಕಿಸಬೇಕು. ಆ ತಾಪತ್ರಯ ಬೇಡವೆಂದು ಯಾರೂ ಬದಲಾಯಿಸುವುದೇ ಇಲ್ಲ. ಅದೇ ಪ್ರೋಗ್ರಾಮರ್ ನಮ್ಮ ಭಾಗದ ಹಲವು ಸಂಘಗಳಿಗೆ ಅದೇ ಸರಕು ಮಾರಿದ್ದಾನೆಂದು ಕೇಳಿದ್ದೇವೆ. ಲಾಂಛನ ಬೇರೆ, ಬಣ್ಣ ಬೇರೆ, ಒಳಗಿನ ಆ ಸಾಲು ಒಂದೇ ಆಗಿದ್ದರೆ? ಒಂದು ಸಂಘ ಒಡೆದರೆ ಎಲ್ಲವೂ ಒಡೆದಂತೆ!

ಕಬ್ಬಿನ ಬಿಲ್ಲು ಜಮೆಯಾಗುವ ದಿನಗಳಲ್ಲಿ ರೈತನಿಗೆ ಒಂದು ಫೋನು ಬರುತ್ತದೆ ಎಂದುಕೊಳ್ಳಿ. ಫೋನು ಮಾಡಿದವನು ಹೆಸರು, ಊರು, ಸಾಲದ ಬಾಕಿ ಎಲ್ಲವನ್ನೂ ರೂಪಾಯಿ ಲೆಕ್ಕದಲ್ಲಿ ಹೇಳುತ್ತಾನೆ. ಹಿಂದೆಯೇ ಸಂಘದ ಹೆಸರಿನಲ್ಲೇ ಒಂದು ಎಸ್ಸೆಮ್ಮೆಸ್, ಅದರಲ್ಲೊಂದು ಲಿಂಕ್. ನಮ್ಮ ಅಜ್ಜ ಒತ್ತದೆ ಇರುತ್ತಾನೆಯೇ? ಒತ್ತಿದ ಮೇಲೆ “ನಿಮ್ಮದೇ ತಪ್ಪು” ಎಂದು ಕೈ ತೊಳೆದುಕೊಳ್ಳುವವರು ಯಾರು? ಪಾಸ್‌ವರ್ಡನ್ನು ಕೋಡಿನೊಳಗೇ ಬರೆದಿಟ್ಟ ಇದೇ ಜನ!

“ನಮ್ಮಂಥ ಸಣ್ಣ ಸಂಘಕ್ಕ ಯಾರ ಕಣ್ಣ ಹಾಕತಾರ?” ಎನ್ನುವ ಮಹಾನುಭಾವರೇ, ಕಳ್ಳ ಈಗ ಊರು ನೋಡಿ ಬರುವುದಿಲ್ಲ, ಯಂತ್ರ ಬಿಟ್ಟು ಹುಡುಕುತ್ತಾನೆ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಕಾರ್ಖಾನೆಯಲ್ಲೇ ಇಟ್ಟ ಅರವತ್ತು ಚಿಲ್ಲರೆ ಪಾಸ್‌ವರ್ಡುಗಳ ಪಟ್ಟಿ ಹಿಡಿದು ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು ವಶ ಮಾಡಿಕೊಂಡಿತು. ಕೆಲವುಗಳಲ್ಲಿ ಪಾಸ್‌ವರ್ಡನ್ನು ಒಳಗೇ ಅಚ್ಚೊತ್ತಿದ್ದರಿಂದ ಮಾಲೀಕನಿಗೂ ಬದಲಾಯಿಸಲು ಬರುತ್ತಿರಲಿಲ್ಲ.

“ದೊಡ್ಡವರೂ ಹಂಗ ಮಾಡತಾರ” ಎಂಬುದು ಇನ್ನೊಂದು ಸಬೂಬು. ಹೌದು, ಮಾಡುತ್ತಾರೆ! ಆಧಾರ್ ಪ್ರಾಧಿಕಾರದ ತಂತ್ರಜ್ಞಾನ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ. 2018ರ ಜನವರಿಯಲ್ಲಿ ಫ್ರಾನ್ಸಿನ ಸಂಶೋಧಕನೊಬ್ಬ ಎಂ-ಆಧಾರ್ ಆ್ಯಪ್ ಬಿಚ್ಚಿ, ಫೋನಿನೊಳಗಿನ ಡೇಟಾಬೇಸಿನ ಪಾಸ್‌ವರ್ಡ್ ‘ಡಿಬಿ ಪಾಸ್‌ವರ್ಡ್ 123’ ಎಂಬ ಬರೆದಿಟ್ಟ ಪದದಿಂದ ತಯಾರಾಗುತ್ತದೆಂದು ತೋರಿಸಿದ. ಅದು ಕೇಂದ್ರದ ಸರ್ವರಿನ ಪಾಸ್‌ವರ್ಡ್ ಆಗಿರಲಿಲ್ಲ, ನಿಜ. ನಮ್ಮ ಸಂಘದ್ದು ಸರ್ವರಿನದ್ದೇ! 2020ರ ಆಗಸ್ಟಿನಲ್ಲಿ ಬೆಂಗಳೂರಿನ ಜಸ್‌ಪೇ ಕಂಪನಿಗೆ ಕಳ್ಳರು ನುಗ್ಗಿದ್ದು ಬದಲಾಯಿಸದೆ ಉಳಿದ ಒಂದು ಹಳೆಯ ಕೀಯಿಂದ ಎಂದು ಆ ಕಂಪನಿಯೇ ಒಪ್ಪಿಕೊಂಡಿತು. 2021ರಲ್ಲಿ ಕ್ಲೌಡ್‌ಸೆಕ್ ಸಂಸ್ಥೆ 40ಕ್ಕೂ ಹೆಚ್ಚು ಆ್ಯಪುಗಳೊಳಗೆ ಅಮೆಜಾನ್ ಸರ್ವರಿನ ಕೀಗಳನ್ನು ಹೆಕ್ಕಿ ತೆಗೆಯಿತು, ಆ ಆ್ಯಪುಗಳ ಒಟ್ಟು ಡೌನ್‌ಲೋಡ್ 10 ಕೋಟಿಗೂ ಮೇಲೆ. ಟೊಯೋಟ ಕಂಪನಿಯ ಗುತ್ತಿಗೆದಾರ ಗಿಟ್‌ಹಬ್ ಎಂಬ ಜಾಲತಾಣದಲ್ಲಿ ಬಯಲಿಗಿಟ್ಟ ಕೋಡಿನಲ್ಲಿ ಸರ್ವರಿನ ಕೀ ಸುಮಾರು ಐದು ವರ್ಷ ಬಿದ್ದಿತ್ತು, 2,96,019 ಗ್ರಾಹಕರ ಇಮೇಲ್ ವಿಳಾಸ ಅಪಾಯಕ್ಕೆ ಸಿಕ್ಕಿತು. ಆದರೆ ಟೊಯೋಟ ಕೀ ಬದಲಾಯಿಸಿ ಗ್ರಾಹಕರ ಕ್ಷಮೆ ಕೇಳಿತು. ನಮ್ಮವರು ಹುಡುಗರ ಕೊರಳಪಟ್ಟಿ ಹಿಡಿಯಲು ಬಂದರು!

ಇನ್ನು ಈಗಿನ ಆಡಳಿತ ಮಂಡಳಿಯ ಎದುರು ಪೆನಲ್ಲಿನವರಿಗೂ ಒಂದು ಮಾತು. “ಆ್ಯಪೇ ಬ್ಯಾಡ, ಖಾತೆ ಪುಸ್ತಕ ಸಾಕು” ಎಂದು ಕರಪತ್ರ ಹಂಚುತ್ತಿದ್ದೀರಿ. ಆ್ಯಪ್ ಖರೀದಿಯ ಠರಾವಿಗೆ ಕೈ ಎತ್ತಿದವರಲ್ಲಿ ನಿಮ್ಮವರೂ ಇದ್ದರಲ್ಲ! 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡು ಹಳ್ಳಿಗೆ ಕರೆಂಟು ತಂದ ಹುಕ್ಕೇರಿ ತಾಲೂಕಿಗೆ ಹಿಂದೆ ಸರಿಯುವ ದಾರಿ ತೋರಿಸಲು ನಿಮಗೆ ಮನಸ್ಸಾದರೂ ಹೇಗೆ ಬಂತು? ಕೊನೆಗೆ ನಿಮಗೂ ಒಂದು ಮಾತು, ಪುಣೆ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮೂರ ಮಕ್ಕಳೇ, ಇದೆಲ್ಲ ನಿಮಗೆ ಅಂಗೈ ಗೆರೆಯಷ್ಟು ಗೊತ್ತು. ನಿಮ್ಮ ಕಂಪನಿಯಲ್ಲಿ ಪಾಸ್‌ವರ್ಡ್ ಕೋಡಿನೊಳಗೆ ಬರೆದರೆ ಅದೇ ದಿನ ಕರೆದು ಕೇಳುತ್ತಾರೆ. ನಮ್ಮೂರ ಮಠದ ಜಾತ್ರೆಗೆ ಬಂದು ಹೋಗುತ್ತೀರಿ, ತಂದೆಯ ಖಾತೆ ಇರುವ ಸಂಘದಲ್ಲಿ ಒಂದು ಮಾತು ಎತ್ತಿದ್ದೀರಾ?

1996ರಿಂದ ಎಂಜಿನಿಯರಿಂಗ್ ಕಾಲೇಜು ಇರುವ ಊರು ನಮ್ಮದು. ತಿಳಿದವರು ಇಲ್ಲ ಎಂದು ಆಡಳಿತ ಮಂಡಳಿ ಹೇಳುವಂತಿಲ್ಲ. ಕೀಲಿ ಸರ್ವರಿನ ಕಡೆ, ಕೋಡಿನಿಂದ ಬೇರೆಯಾಗಿ ಇರಬೇಕು, ಪ್ರತಿ ಸಂಘಕ್ಕೂ ಬೇರೆ ಇರಬೇಕು, ಕಾಲಕಾಲಕ್ಕೆ ಬದಲಾಗಬೇಕು. ಹೇಗೆ ಮಾಡುತ್ತೀರೋ ಮಾಡಿ. ಕೋಡಿನ ಆ ಸಾಲನ್ನಷ್ಟೇ ಅಳಿಸಿ “ಆತು” ಎಂದರೆ ಒಪ್ಪುವುದಿಲ್ಲ. ಹಳೆಯ ಎಪಿಕೆಯಲ್ಲಿ ಅದು ಹಾಗೇ ಉಳಿದಿದೆ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಭದ್ರತೆ ಮರೆತವರಿಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ನಾಳೆ ದಂಡ ಬಿದ್ದರೆ ಕಟ್ಟುವುದು ನಿರ್ದೇಶಕರ ಕಿಸೆಯಿಂದಲ್ಲ, ನಮ್ಮ ಷೇರು ಹಣದಿಂದ!

ಸಭೆಗೆ ಬನ್ನಿ. ಊಟದ ಮುಂಚೆಯೇ ಎದ್ದು ನಿಂತು ಮೂರು ಪ್ರಶ್ನೆ ಕೇಳಿ: ಆ ಪಾಸ್‌ವರ್ಡ್ ಬದಲಾಗಿದೆಯೇ? ಯಾವ ತಾರೀಖಿಗೆ? ಅಲ್ಲಿಯತನಕ ಯಾರು ಯಾರು ಒಳಗೆ ಬಂದು ಹೋದರೆಂದು ಸರ್ವರಿನ ದಾಖಲೆ ನೋಡಿದ್ದೀರಾ? ಉತ್ತರ ಠರಾವು ಪುಸ್ತಕದಲ್ಲಿ ದಾಖಲಾಗುವತನಕ ಲೆಕ್ಕಪತ್ರಕ್ಕೆ ಮಂಜೂರಾತಿ ಕೊಡಬೇಡಿ.

— ನಿಡಸೋಸಿಯ ನೊಂದ ಸದಸ್ಯರು
(ಓದಿ ಮತ್ತೊಬ್ಬರಿಗೆ ಕೊಡಿ)